ಗುಂಡಿ ಮುಚ್ಚಿದ ಮೇಲೆ

ಚರ್ಮಗಂಟು ರೋಗ ಬಂದ ವರ್ಷ ನಮ್ಮ ಓಣಿಯಲ್ಲಿ ಮೊದಲು ಸತ್ತದ್ದು ಪಕ್ಕದ ಮನೆಯ ಅಕ್ಕನ ಆಕಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡ ತೀರಿಹೋದ ಮೇಲೆ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು, "ಏಳವ್ವಾ, ಡೈರಿಗೆ ಹೊತ್ತಾತು" ಎಂದು ಕೂಗುತ್ತಿದ್ದವಳು. ಹಾಲಿನ ಕ್ಯಾನು ಹಿಡಿದು ಕಾಲುವೆ ದಂಡೆಯ ಮೇಲೆ ಹೋಗಿ ಬರುವಷ್ಟರಲ್ಲಿ ನನ್ನ ಆ ದಿನದ ಮಾತೆಲ್ಲ ಆಗಿಹೋಗುತ್ತಿತ್ತು. ಆಮೇಲೆ ಮನೆಯಲ್ಲಿ ಮಾತಾಡಿಸಲು ನನಗಿದ್ದದ್ದು ನನ್ನ ಆಕಳು ಮಾತ್ರ.

ಅಕ್ಕನ ಆಕಳಿಗೆ ಮೈತುಂಬ ಗಂಟೆದ್ದವು, ಕಾಲು ಬಾತವು, ಅದು ಮೇವು ಬಿಟ್ಟಿತು. ಸತ್ತ ಕೂಡಲೇ, ರೋಗ ಹಬ್ಬುತ್ತದೆಂದು ಓಣಿಯವರು ಹೆದರಿ ಅವಸರ ಮಾಡಿದರು. ಅವಳ ಗಂಡ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ, ಗದ್ದೆಯ ಬದಿಗೆ ಗುಂಡಿ ತೋಡಿ, ಸುಣ್ಣ ಉಪ್ಪು ಸುರಿದು ಮುಚ್ಚಿಬಿಟ್ಟ. ಸರ್ಕಾರ ಪರಿಹಾರ ಕೊಡುತ್ತದೆ, ಅದಕ್ಕೆ ಹೂಳುವ ಮೊದಲೇ ದನದ ಡಾಕ್ಟರು ಬಂದು ನೋಡಬೇಕು ಎಂಬ ಸುದ್ದಿ ನಮ್ಮೂರಿಗೆ ಮುಟ್ಟಿದ್ದು ಆಮೇಲೆ.

ಅಷ್ಟರಲ್ಲಿ ನನ್ನ ಆಕಳೂ ಮಲಗಿತ್ತು. ಅಕ್ಕ ದಿನಾ ಬಂದು ಬೇವಿನೆಲೆ ಅರೆದು ಗಾಯಕ್ಕೆ ಹಚ್ಚುತ್ತಿದ್ದಳು. ಉಳಿಯಲಿಲ್ಲ. "ಹೂಳಬ್ಯಾಡ, ಮೊದಲು ಡಾಕ್ಟ್ರಿಗೆ ಫೋನ್ ಮಾಡು" ಎಂದವಳೂ ಅವಳೇ.

ಕಂಪ್ಲಿಯಿಂದ ಡಾಕ್ಟರು ಬರುವವರೆಗೆ ನಾನು ಆಕಳ ತಲೆಯ ಹತ್ತಿರ ಕುಳಿತು ಸೆರಗಿನಿಂದ ನೊಣ ಹೊಡೆಯುತ್ತಿದ್ದೆ. ಅವರು ಕಿವಿಯ ಬಿಲ್ಲೆ ನೋಡಿ ನಂಬರು ಬರೆದುಕೊಂಡರು.

"ಆಕಳ ಬಾಜೂಕ ನಿಂದ್ರಮ್ಮಾ, ಫೋಟೋ ತೆಗೀಬೇಕು. ಮುಖ ಕಾಣಂಗಿರ್ಲಿ."

ನಿಂತೆ. ಎಲ್ಲಿ ನೋಡಬೇಕೆಂದು ತಿಳಿಯದೆ ಅಕ್ಕನನ್ನು ನೋಡಿದೆ. ಅವಳು ಅಳುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ನನ್ನ ಖಾತೆಗೆ ಪರಿಹಾರ ಬಂತು. ಅವಳಿಗೆ ಬರಲಿಲ್ಲ. ಗಂಡನನ್ನು ಕರೆದುಕೊಂಡು ಕಂಪ್ಲಿಯ ದನದ ಆಸ್ಪತ್ರೆಗೆ ಹೋದಳು, ಹೊಸಪೇಟೆಗೂ ಅಲೆದಳು. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಮೇಜಿನ ಹಿಂದಿನವರು ಒರಟರಲ್ಲ. "ನೋಡಿದ್ರ ಬರೀಬಹುದಿತ್ತಮ್ಮಾ, ನಾವು ನೋಡೇ ಇಲ್ಲಲ್ರೀ" ಎಂದರು. ಬಸ್ಸಿನಲ್ಲಿ ಮರಳುವಾಗ ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. ನಮ್ಮೂರು ಬಂದರೂ ತಿರುಗಲಿಲ್ಲ.

ಒಂದು ಸಂಜೆ ಅವಳ ಮನೆಗೆ ಹೋಗಿ, "ಯಕ್ಕಾ, ಬಂದದ್ದರಾಗ ಅರ್ಧ ನೀ ತಗೋ" ಎಂದೆ.

ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ನಿನ್ನ ಆಕಳಿಗೆ ಬಂದದ್ದು ನನಗ್ಯಾಕ? ನಂದೂ ಸತ್ತಿತ್ತು ಅಂತ ಅವ್ರು ಒಪ್ಪಿದ್ರ ಸಾಕಾಗಿತ್ತು ನನಗ."

ಮತ್ತೆ ಮೊರ ಕೈಗೆತ್ತಿಕೊಂಡಳು. ಕುಂದ್ರು ಎಂದು ಅವಳು ಹೇಳಲಿಲ್ಲ. ನಿಂತವಳು ಹಾಗೇ ಮರಳಿ ಬಂದೆ.

ಅದಾದ ಮೇಲೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ. ಎದುರಾದರೆ "ಉಂಡ್ಯಾ?" ಎನ್ನುತ್ತಾಳೆ, "ಉಂಡೆ" ಎನ್ನುತ್ತೇನೆ, ಅಷ್ಟೇ. ನಾನು ಗಬ್ಬದ ಆಕಳೊಂದನ್ನು ಕೊಂಡು ತಂದ ದಿನ ಓಣಿಯವರೆಲ್ಲ ನೋಡಲು ಬಂದರು. ಅವಳ ಬಾಗಿಲು ಮುಚ್ಚಿತ್ತು.

ಆಕಳು ಈದಾಗ ಗಿಣ್ಣ ಕಾಸಿದೆ. ಬೆಲ್ಲ, ಏಲಕ್ಕಿ ಹಾಕಿ, ಅವಳು ಕಲಿಸಿದಂತೆಯೇ. ಬಟ್ಟಲು ತುಂಬಿ ಮೊದಲು ಅವಳ ಮನೆಗೇ ಒಯ್ದೆ. ಎರಡೂ ಕೈಯಲ್ಲಿ ಇಸಿದುಕೊಂಡಳು. "ಕರ ಹೆಣ್ಣೋ ಗಂಡೋ?" ಎಂದು ಕೇಳಿದಳು. "ಹೆಣ್ಣು" ಎಂದೆ. "ಚಲೋ ಆತು" ಎಂದು ಒಳಗೆ ಹೋದಳು. ಇನ್ನೇನಾದರೂ ಕೇಳಲು ಬರುತ್ತಾಳೇನೋ ಎಂದು ಹೊಸ್ತಿಲಲ್ಲಿ ಕಾದೆ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ವಾರದ ಮೇಲೆ, ಗಿಣ್ಣ ಮುಗಿದು ಮೊದಲ ಸಲ ಡೈರಿಗೆ ಹಾಲು ಹಾಕಿ ಬಂದಾಗ ಬಟ್ಟಲು ನನ್ನ ಕಟ್ಟೆಯ ಮೇಲಿತ್ತು. ತಿಕ್ಕಿ ಬೆಳಗಿದ್ದಳು. ಖಾಲಿ ಕೊಡಬಾರದೆಂದು ಒಂದು ಹಿಡಿ ಅಕ್ಕಿ ಹಾಕಿದ್ದಳು. ನಾನು ಮನೆಯಲ್ಲಿರದ ಹೊತ್ತು ನೋಡಿ ಇಟ್ಟು ಹೋಗಿದ್ದಳು.