ಮುಳ್ಳು ಬಿಡಿಸುತ್ತಿದ್ದ ನನ್ನ ಓರಗಿತ್ತಿ

ನನ್ನ ಓರಗಿತ್ತಿ ಹೂವಿನಂಗಡಿಯ ಹಿಂಬದಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಗುಲಾಬಿಯ ಮುಳ್ಳು ಬಿಡಿಸಿದಳು. ನಮ್ಮವರು ತೀರಿಕೊಂಡ ಮೇಲೆ ನನ್ನನ್ನೂ ಅದೇ ಮೇಜಿಗೆ ಕರೆದೊಯ್ದು ಕೂರಿಸಿದವಳು ಅವಳೇ. ನಾನು ಅಕ್ಕ ಅನ್ನುತ್ತಿದ್ದೆ. ಅವಳು ಮುಳ್ಳು ಬಿಡಿಸುವುದು, ನಾನು ಬೊಕೆ ಕಟ್ಟುವುದು. ಎಡಗೈಯಲ್ಲಿ ಹೂವಿನ ಕತ್ತು ಹಿಡಿದು, ಬಲಗೈಯಲ್ಲಿ ಗೋಣಿತಟ್ಟಿನ ಚೂರು ಸುತ್ತಿ ಮೇಲಿನಿಂದ ಕೆಳಕ್ಕೆ ಒಂದೇ ಎಳೆತ, ಕಡ್ಡಿ ನುಣ್ಣಗೆ. ಕೈಗೆ ಎಷ್ಟು ರೂಢಿಯೆಂದರೆ ತೂಕಡಿಸುತ್ತ ಕೂಡ ಎಳೆಯುತ್ತಿದ್ದಳು.

ಅಂಗಡಿಯ ಯಜಮಾನ ಮಾತಿನ ಮಲ್ಲ. ಗುಲಾಬಿಗೆ ಮುಳ್ಳೇಕೆ ಎಂದು ಕೇಳಿದರೆ ಸಾಕು, ಒಬ್ಬರಿಗೆ ಪ್ರೀತಿಯ ನೋವು ಅನ್ನುವನು, ಇನ್ನೊಬ್ಬರಿಗೆ ಹೆಣ್ಣಿನ ಮಾನ. ಗಿರಾಕಿಯ ಮುಖ ನೋಡಿ ಅರ್ಥ ಬದಲಾಗುತ್ತಿತ್ತು. ಅಕ್ಕನನ್ನು ಕೇಳಿದರೆ, "ದನ ಮೇಯಬಾರದು ಅಂತ ಗಿಡ ಬೆಳೆಸ್ಕೊಂಡಿರೋದು. ನಿಮಗೆ ಬುದ್ಧಿ ಹೇಳೋಕೆ ಅದಕ್ಕೆಲ್ಲಿ ಪುರುಸೊತ್ತು," ಅನ್ನುತ್ತಿದ್ದಳು. ಅದಕ್ಕೇ ಅವಳನ್ನು ಮುಂದಿನ ಕೋಣೆಗೆ ಬಿಡುತ್ತಿರಲಿಲ್ಲ.

ಒಂದು ಸಲ ಒಬ್ಬ ಮದುಮಗ ಬಂದ. ಓದಿದವನು. ಮದುಮಗಳ ಕೈಗೆ ಮುಳ್ಳಿರುವ ಗುಲಾಬಿಯೇ ಬೇಕು, ನೋವಿನಲ್ಲೂ ಕೈ ಬಿಡುವುದಿಲ್ಲ ಎಂಬುದಕ್ಕೆ ಅದೇ ಗುರುತು ಎಂದ. ಯಜಮಾನ ಒಳಗೆ ಬಂದು ಬೆರಳು ಆಡಿಸಿದ.

"ನೋಡಮ್ಮ, ಹೋದ ವಾರ ಬಿಳಿ ಹೂ ಕೇಳಿದವರಿಗೆ ಹಳದಿ ಕೊಟ್ಟಿದ್ದಾಯ್ತು. ಇದೂ ಕೆಟ್ರೆ ನಾಳೆ ನೀನೂ ಬರಬೇಡ, ನಿನ್ನ ಓರಗಿತ್ತೀನೂ ಬರೋದು ಬೇಡ."

"ಆಯ್ತು," ಅಂದಳು ಅಕ್ಕ. ಅವನು ಆಚೆ ಹೋದದ್ದೇ ಮದುಮಗನನ್ನು ಆಡಿಕೊಳ್ಳಲು ಶುರುಮಾಡಿದಳು. "ಮದುವೆ ದಿನಾನೇ ಚುಚ್ಚಬೇಕಾ ಇವನಿಗೆ? ಮುಂದೆ ಅಷ್ಟೊಂದು ವರ್ಷ ಬಿದ್ದಿದೆಯಲ್ಲ."

ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ನಗು ನಿಂತಾಗ ನೋಡುತ್ತೇನೆ, ಮೇಜಿನ ಮೇಲೆ ಮದುಮಗ ಆರಿಸಿದ್ದ ಇಪ್ಪತ್ತೈದು ಕಡ್ಡಿ, ಒಂದಕ್ಕೂ ಮುಳ್ಳಿಲ್ಲ. ಬಾಯಿ ತನ್ನ ಪಾಡಿಗೆ ಆಡಿತ್ತು, ಕೈ ತನ್ನ ಪಾಡಿಗೆ ಎಳೆದಿತ್ತು. ಆ ಬಣ್ಣದ ಬೇರೆ ಹೂ ಅಂಗಡಿಯಲ್ಲಿರಲಿಲ್ಲ.

ಅಕ್ಕ ಕಸದ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆ ಗೋಂದಿನ ಡಬ್ಬಿ ತಾ," ಅಂದಳು.

ಬುಟ್ಟಿಯಿಂದ ಮುಳ್ಳು ಆರಿಸಿ ಒಂದೊಂದಾಗಿ ಅಂಟಿಸಿದೆವು. ನಾನು ಅಂಟಿಸಿದ್ದರ ತುದಿ ಮೇಲಕ್ಕೆ ನೋಡುತ್ತಿತ್ತು. "ಗುಲಾಬಿ ಮುಳ್ಳು ಕೆಳಕ್ಕೆ ಬಾಗಿರುತ್ತೆ ಕಣೇ. ಇಷ್ಟು ವರ್ಷ ಕಣ್ಣು ಎಲ್ಲಿಟ್ಟಿದ್ದೆ?" ಎಂದು ಬೈದಳು. ಎಳೆತಕ್ಕೆ ತುದಿ ಮುರಿದವೇ ಹೆಚ್ಚು. ಬೇರೆ ದಾರಿಯಿಲ್ಲದೆ ಅವನ್ನೂ ಅಂಟಿಸಿದೆವು.

ಸಂಜೆ ಮದುಮಗ ಬಂದು ಬೊಕೆಯನ್ನು ಗಟ್ಟಿಯಾಗಿ ಹಿಡಿದ. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ.

"ಮುಳ್ಳೂ ಇದೆ, ಚುಚ್ಚೋದೂ ಇಲ್ಲ. ನನಗೆ ಬೇಕಾಗಿದ್ದು ಇಂಥದ್ದೇ," ಅಂದ ಅವನು.

ಇದು ಬೇರೆ ಜಾತಿಯ ಗುಲಾಬಿ ಎಂದುಬಿಟ್ಟ ಯಜಮಾನ. ಮದುಮಗನನ್ನು ಕಳಿಸಿ ನೇರ ನಮ್ಮ ಹತ್ತಿರ ಬಂದ. "ಏನು ಮಾಡಿದೆ, ನಿಜ ಹೇಳು." ಅಕ್ಕ ಏನನ್ನೂ ಮುಚ್ಚಿಡದೆ ಹೇಳಿ, ಬಟ್ಟೆಗೆ ಅಂಟಿದ ಮುಳ್ಳು ಕೊಡವಿ, ಚೀಲ ಎತ್ತಿಕೊಂಡಳು. ನಾನೂ ಎದ್ದೆ.

ಯಜಮಾನ ಗೋಂದಿನ ಡಬ್ಬಿಯನ್ನೇ ನೋಡುತ್ತ ನಿಂತಿದ್ದ. "ದಿನಕ್ಕೆ ಎಷ್ಟು ಕಡ್ಡಿಗೆ ಅಂಟಿಸಬಹುದು?" ಎಂದ.

ಮಾರನೆಯ ದಿನದಿಂದ ಅಕ್ಕ ಬೆಳಗ್ಗೆ ಮುಳ್ಳು ಬಿಡಿಸಿ, ತುದಿ ಕತ್ತರಿಸಿ, ಮಧ್ಯಾಹ್ನ ಅವನ್ನೇ ಅಂಟಿಸತೊಡಗಿದಳು. ನೋವಿನಲ್ಲೂ ಕೈ ಬಿಡದವರು ಸಾಲುಗಟ್ಟಿ ಬಂದರು.

"ಬಿಡಿಸಿದ್ದನ್ನೇ ಮತ್ತೆ ಅಂಟಿಸೋಕೆ ಬೇಜಾರಾಗಲ್ವಾ ಅಕ್ಕಾ?" ಎಂದು ಕೇಳಿದೆ.

"ನಾಳೆ ಬರಬೇಡ ಅನ್ನೋಕೆ ಈಗ ಅವನಿಗೆ ಬಾಯಿಲ್ಲ. ಗೋಂದು ಇತ್ತ ತಳ್ಳು," ಅಂದಳು.