ತೂಕದ ಬೆನಕಪ್ಪ ಮತ್ತು ಗೋಲ್‌ಕೀಪರನ ಕಣ್ಣು

ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ಮೂವತ್ತಾರು ವರ್ಷದಿಂದ ತೂಕ ಹಾಕುತ್ತಿದ್ದ ಬೆನಕಪ್ಪನಿಗೆ ದೇವರ ಮೇಲೆ ಭಕ್ತಿ ಇತ್ತು, ಪೂಜಾರಿಯ ಮೇಲೆ ನಂಬಿಕೆ ಇರಲಿಲ್ಲ. ತೀರ್ಥ ಕೊಡುವಾಗ ಪಕ್ಕದವನ ಅಂಗೈಗೆ ಎಷ್ಟು ಬಿತ್ತು, ತನ್ನ ಅಂಗೈಗೆ ಎಷ್ಟು ಬಿತ್ತು ಎಂದು ಓರೆಗಣ್ಣಲ್ಲಿ ಅಳೆದೇ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಇದು ಹುಟ್ಟುಗುಣವಲ್ಲ, ಕಸುಬು ಕಲಿಸಿದ್ದು. ಮೂಟೆ ತೂಗುವಾಗ ತಟ್ಟೆಯ ಅಂಚಿಗೆ ಮೆಲ್ಲಗೆ ಹೆಬ್ಬೆರಳೂರುವವರು, ಈರುಳ್ಳಿಯ ನಡುವೆ ಒದ್ದೆ ಗೋಣಿ ತುರುಕುವವರು, ಮಾತಾಡಿಸುವ ನೆಪದಲ್ಲಿ ಮೂಟೆಯ ಮೇಲೆ ಮೊಣಕೈ ಇಡುವವರು, ಇವರೆಲ್ಲರನ್ನೂ ಹಿಡಿದು ಹಿಡಿದು ಅವನಿಗೆ ಲೋಕವೇ ಒಂದು ಹೆಬ್ಬೆರಳಿನ ಹಾಗೆ ಕಾಣತೊಡಗಿತ್ತು. ಆದರೆ ಅವನು ಹಾಕಿದ ತೂಕವನ್ನು ಇನ್ನೊಂದು ಸಲ ಹಾಕಿ ಎಂದವರು ಆ ಮಂಡಿಯಲ್ಲಿ ಯಾರೂ ಇರಲಿಲ್ಲ. ಆ ಹೆಮ್ಮೆಯನ್ನು ಅವನು ಹೆಗಲ ಮೇಲಿನ ಟವೆಲ್ಲಿನ ಹಾಗೆ ಎಲ್ಲಿಗೆ ಹೋದರೂ ಹಾಕಿಕೊಂಡೇ ಹೋಗುತ್ತಿದ್ದ.

ಅವನಿಗಿದ್ದ ಇನ್ನೊಂದು ಹೆಮ್ಮೆ ಹಾಕಿ ಆಟ. ಈರುಳ್ಳಿ ಬೆಳೆಯುವ ಊರಿಗೂ ಹಾಕಿಗೂ ಏನು ಸಂಬಂಧ ಎಂದು ಕೇಳಿದರೆ, ಸಂಬಂಧವೆಲ್ಲ ಒಬ್ಬ ಡ್ರಿಲ್ ಮೇಷ್ಟರದು. ಮೂವತ್ತು ವರ್ಷದ ಹಿಂದೆ ಕೊಡಗಿನ ಕಡೆಯಿಂದ ವರ್ಗವಾಗಿ ಬಂದ ಅವರು ಹಾಸಿಗೆಯ ಸುರುಳಿಯೊಳಗೆ ಹನ್ನೊಂದು ಹಾಕಿ ಕೋಲುಗಳನ್ನು ಕಟ್ಟಿಕೊಂಡು ರೈಲಿಳಿದರು. ಎರಡು ವರ್ಷಕ್ಕೆ ಮೇಷ್ಟರಿಗೆ ಮತ್ತೆ ವರ್ಗವಾಯಿತು, ಕೋಲುಗಳು ಉಳಿದವು. ಅಂದಿನಿಂದ ಅಜ್ಜಂಪುರಕ್ಕೊಂದು ತಂಡ, ತಂಡಕ್ಕೊಂದು ಬೋರ್ಡು, ಬೋರ್ಡಿನ ಮೇಲೆ ‘ಗೌರವಾಧ್ಯಕ್ಷರು: ಶ್ರೀ ಬೆನಕಪ್ಪನವರು’ ಎಂಬ ಸಾಲು. ಅವನನ್ನು ಆರಿಸಿದ ಸಭೆ ಯಾವುದೆಂದು ಯಾರಿಗೂ ನೆನಪಿಲ್ಲ. ಬೋರ್ಡು ಬರೆಸಿದವನು ಅವನೇ ಆದ್ದರಿಂದ ಅಳಿಸುವುದಕ್ಕೂ ಯಾರೂ ಮುಂದಾಗಲಿಲ್ಲ.

ಈ ತಂಡ ಕಡೂರಿನ ತಂಡವನ್ನು ಒಮ್ಮೆಯೂ ಸೋಲಿಸಿದ್ದಿಲ್ಲ. ಈ ವರ್ಷ ಮಾತ್ರ ಹೇಗೋ ತರೀಕೆರೆಯನ್ನು ಒಂದು ಗೋಲಿನಿಂದ ದಾಟಿ ‘ಮೂರೂರ ಕಪ್’ನ ಪ್ಲೇಆಫ್‌ಗೆ ಬಂದು ನಿಂತಿತ್ತು. ಮೂರು ಪಂದ್ಯ, ಎರಡು ಗೆದ್ದವರಿಗೆ ಕಪ್ಪು. ಮೊದಲನೆಯದು ಕಡೂರಿನಲ್ಲಿ, ಎರಡನೆಯದು ಅಜ್ಜಂಪುರದಲ್ಲಿ, ಸಮವಾದರೆ ಮೂರನೆಯದು ತರೀಕೆರೆಯಲ್ಲಿ. ಊರಿನವರು ಸಂಭ್ರಮದಲ್ಲಿದ್ದರು. ಬೆನಕಪ್ಪ ಅನುಮಾನದಲ್ಲಿದ್ದ.

“ತರೀಕೆರೆಲೇ ಯಾಕೆ ಅಂತೀನಿ,” ಎಂದು ಮಂಡಿಯ ಎದುರಿನ ಟೀ ಅಂಗಡಿಯಲ್ಲಿ ಕೂತು ಹೇಳುತ್ತಿದ್ದ. “ನಾವು ಅವರ ತಾಲ್ಲೂಕಿಂದ ಬ್ಯಾರೆ ಆಗಿ ಬಂದೋರು. ಪಾಲಾಗಿ ಹೋದ ತಮ್ಮನ ಕಂಡ್ರೆ ಅಣ್ಣನಿಗೆ ಹೆಂಗಿರ್ತದೆ? ಅಂಥಾ ಜಾಗದಲ್ಲಿ ನಮಗೆ ನ್ಯಾಯ ಸಿಗ್ತದಾ?”

“ಮೊದ್ಲು ಮೂರನೇ ಮ್ಯಾಚ್‌ತಂಕ ಹೋಗಾಣ ಬೆನಕಣ್ಣ,” ಎಂದ ಗೋಲ್‌ಕೀಪರ್ ಹೊನ್ನೇಶ.

ಊರಿನ ಆಸೆಯೆಲ್ಲ ನಿಂತಿದ್ದದ್ದು ಈ ಹೊನ್ನೇಶನ ಮೇಲೆ. ಬಸ್ ನಿಲ್ದಾಣದ ಹಿಂದೆ ಅವನದೊಂದು ಮೋಟಾರ್ ರಿಪೇರಿ ಅಂಗಡಿ. ಕೂದಲೆಳೆಯಂಥ ತಂತಿಯನ್ನು ಸುತ್ತುವ ಕೈ, ಚೆಂಡು ಕೋಲು ಬಿಡುವ ಮೊದಲೇ ದಾರಿ ತಿಳಿಯುವ ಕಣ್ಣು. ಕೊರತೆ ಅಂದರೆ ಮೂವತ್ತೆರಡು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ಈಗಿನ ಹೆಣ್ಣಿನ ಕಡೆಯವರಿಗೆ ಅಜ್ಜಂಪುರ ಎಂದ ಕೂಡಲೇ ಬೇರೆ ಕೆಲಸ ನೆನಪಾಗುತ್ತಿತ್ತು. ಏಳು ಸಂಬಂಧ ಬಂದು ಏಳೂ ಮುರಿದಿದ್ದವು. ಅವನ ತಾಯಿ ಸೋಮವಾರದ ಒಪ್ಪತ್ತನ್ನು ಗುರುವಾರಕ್ಕೂ ವಿಸ್ತರಿಸಿದ್ದರು.

ಪ್ಲೇಆಫ್‌ಗೆ ಆರು ದಿನ ಇರುವಾಗ, ಸೋಮವಾರ ಹತ್ತು ಗಂಟೆಗೆ, ಅದೇ ಟೀ ಅಂಗಡಿಗೆ ಒಬ್ಬ ಅಪರಿಚಿತ ಬಂದ. ಐವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಪಂಚೆ, ಹಣೆಯಲ್ಲಿ ವಿಭೂತಿ. ಬೆನಕಪ್ಪನ ಪಕ್ಕವೇ ಕೂತು, ಟೀ ಹೇಳಿ, ಮಳೆ ಬೆಳೆ ಮಾತಾಡಿ, ಆಮೇಲೆ ದನಿ ತಗ್ಗಿಸಿದ.

“ನಿಮ್ಮೂರಾಗೆ ಹೊನ್ನೇಶ ಅನ್ನೋ ಹುಡುಗ ಅದಾನಂತಲ್ಲ. ಹೆಂಗೆ?”

ಬೆನಕಪ್ಪನ ಕಿವಿ ನೆಟ್ಟಗಾಯಿತು. “ಹೆಂಗೆ ಅಂದ್ರೆ?”

“ಆರೋಗ್ಯ ಹೆಂಗೆ ಅಂತ. ಕಣ್ಣು, ಕೈಕಾಲು ಗಟ್ಟಿ ಇದಾವಾ? ಚಟ ಗಿಟ ಏನಾದ್ರೂ? ಬೇಗ ಸಿಟ್ಟು ಬತ್ತದಾ?”

ಬೆನಕಪ್ಪ ಉತ್ತರ ಕೊಡುವ ಮೊದಲು ಆತನನ್ನು ಮೇಲಿಂದ ಕೆಳಕ್ಕೆ ತೂಗಿದ. ಬೆಂಚಿನ ಮೇಲಿಟ್ಟ ಕೈಚೀಲದಲ್ಲಿ ಕಡೂರಿನ ಬಟ್ಟೆ ಅಂಗಡಿಯೊಂದರ ಹೆಸರಿತ್ತು. ಅಷ್ಟು ಸಾಕಾಯಿತು. ಪಂದ್ಯಕ್ಕೆ ಆರು ದಿನ ಇರುವಾಗ ಕಡೂರಿನವನೊಬ್ಬ ಬಂದು ನಮ್ಮ ಗೋಲ್‌ಕೀಪರನ ಕಣ್ಣು, ಕೈಕಾಲು ವಿಚಾರಿಸುತ್ತಾನೆ ಎಂದರೆ ಹೆಬ್ಬೆರಳು ತಟ್ಟೆಯ ಮೇಲೆ ಬಂತು ಎಂದೇ ಅರ್ಥ. ಇವನನ್ನು ಬೈದು ಓಡಿಸುವುದು ದಡ್ಡರ ಕೆಲಸ. ತಪ್ಪು ತೂಕ ಕೊಟ್ಟು ಕಳಿಸುವುದು ಜಾಣರ ಕೆಲಸ. ಹೊನ್ನೇಶ ಕೈಲಾಗದವನು ಎಂದು ತಿಳಿದರೆ ಕಡೂರಿನವರು ಉದಾಸೀನದಿಂದ ಆಡುತ್ತಾರೆ.

“ಹೇಳಬಾರದು,” ಎಂದು ನಿಟ್ಟುಸಿರಿಟ್ಟ. “ನಮ್ಮೂರ ಹುಡುಗ. ಆದ್ರೆ ನೀವು ಹಿರೀರು, ಕೇಳ್ತಿದೀರಿ. ಸಂಜೆ ಐದರ ಮೇಲೆ ಕಣ್ಣು ಕಾಣಲ್ಲ. ಬಲಮೊಣಕಾಲು ಹೋಗಿ ಮೂರು ವರ್ಷ ಆಯ್ತು, ಒಳಗೆ ಪಟ್ಟಿ ಕಟ್ಕಂಡು ಓಡಾಡ್ತಾನೆ. ಒಂದು ಕ್ವಾರ್ಟರ್ ಬೀಳ್ದಿದ್ರೆ ಕೈ ನಡುಗ್ತದೆ.”

ಬಂದವನ ಮುಖ ಸಣ್ಣದಾಯಿತು. “ಬಲು ಒಳ್ಳೇ ಹುಡುಗ ಅಂತ ಕೇಳಿದ್ವಿ.”

“ಕೇಳೋದಕ್ಕೂ ತೂಗೋದಕ್ಕೂ ವ್ಯತ್ಯಾಸ ಐತೆ ಯಜಮಾನ್ರೇ. ನಾನು ತೂಗೋನು.”

ಆತ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ಆ ಸಂಜೆ ಬೆನಕಪ್ಪ ಮೈದಾನಕ್ಕೆ ಬಂದು, ಕಡೂರಿನವರ ಕಣ್ಣಿಗೆ ಒಂದು ಬೊಗಸೆ ಮಣ್ಣು ಹಾಕಿ ಕಳಿಸಿದ್ದೇನೆ, ಹೆಚ್ಚು ಕೇಳಬೇಡಿ ಎಂದು ಹುಡುಗರಿಗೆ ಹೇಳಿದ. ಹುಡುಗರು ಹೆಚ್ಚು ಕೇಳಲಿಲ್ಲ. ಅವನ ಮಾತನ್ನು ಅವರು ಯಾವತ್ತೂ ಹೆಚ್ಚು ಕೇಳುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಹೆಂಡತಿ ಕರಿಬಸಮ್ಮ ಮುದ್ದೆ ಹಾಕುತ್ತ ಸುದ್ದಿ ಹೇಳಿದಳು.

“ಹೊನ್ನೇಶಂದು ಎಂಟನೇದೂ ಹೋಯ್ತಂತೆ ಕಣ್ರೀ. ಕಡೂರಿಂದ ಬಂದಿತ್ತಂತೆ, ಹುಡುಗಿ ಬಿ.ಎಡ್ ಓದಿದಾಳಂತೆ. ಎಲ್ಲ ಕೂಡಿ ಬಂದಿತ್ತು. ಹುಡುಗಿ ಅಪ್ಪನೇ ಬಂದು ಊರಾಗೆ ಗುಟ್ಟಾಗಿ ವಿಚಾರಿಸ್ಕಂಡು ಹೋದನಂತೆ. ಯಾವನೋ ಹಾಳಾದೋನು ಹುಡುಗನಿಗೆ ಸಂಜೆ ಐದರ ಮೇಲೆ ಕಣ್ಣು ಕಾಣಲ್ಲ ಅಂದ್ನಂತೆ.”

ಬೆನಕಪ್ಪನ ಕೈಯಲ್ಲಿದ್ದ ಮುದ್ದೆ ಸಾರಿನಲ್ಲಿ ಅದ್ದಿದಂತೆಯೇ ನಿಂತಿತು.

“ಮೊಣಕಾಲೂ ಇಲ್ಲವಂತೆ. ಕ್ವಾರ್ಟರ್ ಬೀಳ್ದಿದ್ರೆ ಕೈ ನಡುಗ್ತದಂತೆ. ಅಂಥಾ ನಾಲಿಗೆ ಯಾವಂದು ಇದ್ದಾತು?”

ಬೆನಕಪ್ಪ ಉಣ್ಣಲಿಲ್ಲ. ಹೆಣ್ಣು ಕೊಡುವ ಮುಂಚೆ ಗುಟ್ಟಾಗಿ ಊರಿನವರನ್ನು ಕೇಳುವುದು ಅವನಿಗೆ ಗೊತ್ತಿರದ ಪದ್ಧತಿಯಲ್ಲ. ಅವನ ಮಾವನೂ ಹೀಗೆಯೇ ಬಂದು ಮಂಡಿಯ ಬಾಗಿಲಲ್ಲಿ ಕೇಳಿಕೊಂಡು ಹೋಗಿದ್ದ. ಆದರೆ ಪ್ಲೇಆಫ್ ತಲೆಯ ಮೇಲಿರುವಾಗ ಒಬ್ಬ ಕಡೂರಿನವನು ಮದುವೆಯಂಥ ಸಾಧಾರಣ ಕೆಲಸಕ್ಕೆ ಬರಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ.

ಹೊನ್ನೇಶನ ಅಂಗಡಿಗೆ ಹೋದರೆ ಅವನು ತಲೆಯೆತ್ತದೆ ತಂತಿ ಸುತ್ತುತ್ತಿದ್ದ. ಟೀ ಅಂಗಡಿಯವನು ಆಗಲೇ ಎಲ್ಲ ಹೇಳಿದ್ದ.

“ಭಾನುವಾರಕ್ಕೆ ಬ್ಯಾರೆ ಯಾರನ್ನಾದ್ರೂ ನಿಲ್ಲಿಸ್ಕಳಿ ಬೆನಕಣ್ಣ,” ಎಂದ. “ಕಣ್ಣಿಲ್ದೋನು ಗೋಲ್ ಕಾಯೋದು ಹೆಂಗೆ?”

“ಲೇ ಹೊನ್ನೇಶ, ಊರಿನ ಸಲುವಾಗಿ ಹೇಳಿದ್ದು ಕಣೋ.”

“ಊರು ನಂಗೆ ಮುದ್ದೆ ಕಟ್ಟಿ ಹಾಕ್ತದಾ? ನಮ್ಮವ್ವ ಎರಡು ದಿನದಿಂದ ಒಲೆ ಹಚ್ಚಿಲ್ಲ.”

ಗುರುವಾರ ಬೆಳಿಗ್ಗೆ ಬೆನಕಪ್ಪ ಹುಡುಗಿಯ ಅಪ್ಪನ ಹೆಸರು ರುದ್ರಮೂರ್ತಿ ಎಂದು ತಿಳಿದುಕೊಂಡು, ಬೀರೂರಿಗೆ ಒಂದು ಬಸ್ಸು, ಅಲ್ಲಿಂದ ಕಡೂರಿಗೆ ಇನ್ನೊಂದು ಬಸ್ಸು ಹತ್ತಿ, ವಿಳಾಸ ಹಿಡಿದು ಹೋದ. ಬಾಗಿಲು ತೆಗೆದವನು ಟೀ ಅಂಗಡಿಯ ಅದೇ ಮನುಷ್ಯ.

“ಓ, ಕಣ್ಣಿನ ಡಾಕ್ಟ್ರು ಬಂದ್ರು. ಬರ್ರಿ,” ಎಂದ ರುದ್ರಮೂರ್ತಿ.

ಒಳಗೆ ಕಾಲಿಟ್ಟ ಬೆನಕಪ್ಪ ಹೊಸಿಲ ಬಳಿಯೇ ನಿಂತುಬಿಟ್ಟ. ಪಡಸಾಲೆಯ ಮೂಲೆಯಲ್ಲಿ ಒಬ್ಬ ಯುವಕ ಕೂತು ಹಾಕಿ ಕೋಲಿಗೆ ಟೇಪು ಸುತ್ತುತ್ತಿದ್ದ. ಮಹೇಂದ್ರ. ಕಡೂರಿನ ನಾಯಕ, ಅಜ್ಜಂಪುರದ ವಿರುದ್ಧ ಆರು ವರ್ಷದಲ್ಲಿ ಹದಿನಾಲ್ಕು ಗೋಲು ಹೊಡೆದವನು. ರುದ್ರಮೂರ್ತಿಯ ಮಗ, ಹುಡುಗಿಯ ಅಣ್ಣ.

ಹಿಂದಿರುಗುವ ಬಸ್ಸು ಎಷ್ಟು ಗಂಟೆಗೆ ಎಂದು ಒಂದು ಗಳಿಗೆ ಯೋಚಿಸಿದ ಬೆನಕಪ್ಪ, ಹೊನ್ನೇಶನ ತಾಯಿಯ ಹಚ್ಚದ ಒಲೆ ನೆನಪಾಗಿ ಕೂತ. ಸೋಮವಾರ ಹೇಳಿದ್ದೆಲ್ಲ ಸುಳ್ಳು, ನಿಮ್ಮನ್ನು ಎದುರು ತಂಡದ ಗೂಢಚಾರ ಅಂದುಕೊಂಡೆ ಎಂದು ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡ. ಹುಡುಗನಿಗೆ ಹದ್ದಿನ ಕಣ್ಣು, ಕುದುರೆಯ ಕಾಲು, ಕುಡಿಯುವುದು ಮಜ್ಜಿಗೆ ಮಾತ್ರ ಎಂದ.

ರುದ್ರಮೂರ್ತಿ ನಗಲಿಲ್ಲ. “ಸೋಮವಾರ ಕಮ್ಮಿ ತೂಗಿದ್ರಿ. ಗುರುವಾರ ಜಾಸ್ತಿ ತೂಗ್ತಿದೀರಿ. ಯಾವ ತೂಕ ನಂಬಾಣ?”

ಮೂವತ್ತಾರು ವರ್ಷದಲ್ಲಿ ಯಾರೂ ಕೇಳದ ಮಾತು. ಬೆನಕಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ನೋಡ್ರಿ,” ಎಂದ ರುದ್ರಮೂರ್ತಿ, “ಐಬಿಲ್ಲದ ಹುಡುಗ ಲೋಕದಾಗಿಲ್ಲ. ಅವನದೊಂದು ನಿಜವಾದ ಐಬು ಹೇಳ್ರಿ. ಮಿಕ್ಕಿದ್ದೆಲ್ಲ ನಂಬ್ತೀನಿ.”

“ಗೊರಕೆ ಹೊಡೀತಾನೆ.”

“ಅದು ಐಬಲ್ಲ. ನಾನೂ ಹೊಡೀತೀನಿ.”

“ಮಾತು ಕಮ್ಮಿ.”

“ಅದು ಗುಣ.”

ಬೆನಕಪ್ಪ ತಡಕಾಡಿದ. ಹೊನ್ನೇಶನಲ್ಲಿ ಐಬು ಹುಡುಕುವುದು ಕಷ್ಟ. ಇದ್ದದ್ದು ಒಂದೇ, ಅದು ಅಜ್ಜಂಪುರದ ಮೈದಾನ ಬಿಟ್ಟು ಹೊರಗೆ ಹೋಗಬಾರದಂಥದ್ದು. ಮೂಲೆಯಲ್ಲಿ ಟೇಪು ಸುತ್ತುವ ಸದ್ದು ಕೇಳುತ್ತಿತ್ತು. ಬೆನಕಪ್ಪ ನೆಲ ನೋಡುತ್ತ ಹೇಳಿದ.

“ಎಡಗಡೆ, ನೆಲಕ್ಕೆ ತಾಗಿದಂಗೆ ಚೆಂಡು ಬಂದ್ರೆ, ಕಾಲು ಹಾಕೋದು ಒಂದು ರವೆಯಷ್ಟು ತಡ ಮಾಡ್ತಾನೆ.”

ಟೇಪು ಸುತ್ತುವ ಸದ್ದು ನಿಂತಿತು.

ರುದ್ರಮೂರ್ತಿ ಮಗನ ಮುಖ ನೋಡಿದ, ಬೆನಕಪ್ಪನ ಮುಖ ನೋಡಿದ. ಆಮೇಲೆ ಮೊದಲ ಬಾರಿಗೆ ನಕ್ಕ. “ಭಾನುವಾರ ಆಟ ಇಟ್ಕಂಡು ಇವತ್ತು ಇವನ ಮುಂದೆ ಈ ಮಾತು ಆಡಿದ್ರಿ ಅಂದ್ರೆ, ನೀವೀಗ ಸುಳ್ಳು ಹೇಳ್ತಿಲ್ಲ ಬಿಡ್ರಿ. ನಾಳೆ ಮನೆ ನೋಡಾಕೆ ಬತ್ತೀವಿ.”

ಬೀರೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಬೆನಕಪ್ಪನಿಗೆ ಹೊಳೆಯಿತು: ಆ ಮನೆಯಲ್ಲಿ ಹುಡುಗಿಯನ್ನೇ ನೋಡಲಿಲ್ಲ. ನೀರು ತಂದುಕೊಟ್ಟವನೂ ಮಹೇಂದ್ರನೇ. ನಿಜವಾಗಿ ಹುಡುಗಿ ಇದ್ದಾಳೆಯೇ? ಅಥವಾ ಇಡೀ ಸಂಬಂಧವೇ ಆ ಒಂದು ಮಾತನ್ನು ನನ್ನ ಬಾಯಿಂದ ಎಳೆಯಲು ಹೂಡಿದ್ದೇ? ಬೀರೂರು ಬರುವ ಹೊತ್ತಿಗೆ ಇದು ಅನುಮಾನವಾಗಿತ್ತು. ಅಜ್ಜಂಪುರ ಬರುವ ಹೊತ್ತಿಗೆ ಖಾತ್ರಿಯಾಗಿತ್ತು.

ಆದರೆ ಶುಕ್ರವಾರ ಅವರು ಬಂದರು, ಹುಡುಗಿಯೂ ಬಂದಳು. ಕೋಮಲಾ ಎಂದು ಹೆಸರು. ಅಂಗಡಿ ನೋಡಬೇಕೆಂದು ತಾನೇ ಕೇಳಿ, ಬಿಚ್ಚಿಟ್ಟ ಮೋಟಾರಿನ ಮುಂದೆ ಹೊನ್ನೇಶನ ಜೊತೆ ಅರ್ಧ ಗಂಟೆ ನಿಂತಳು. ಎಲೆ ಅಡಿಕೆ ಬದಲಾಯಿತು. ಹೊನ್ನೇಶನ ತಾಯಿ ಕಣ್ಣೊರೆಸಿಕೊಂಡು ಎಲ್ಲರಿಗೂ ಎರಡೆರಡು ಸಲ ಉಪ್ಪಿಟ್ಟು ಬಡಿಸಿದರು. ಬೆನಕಪ್ಪನಿಗೆ ಮಾತ್ರ ಒಂದೇ ಸಲ.

ಶನಿವಾರ ಬೆಳಿಗ್ಗೆ ಅವನು ಅಂಗಡಿಯ ಮುಂದೆ ಹೋಗಿ ನಿಂತು, ಎಡಗಡೆಯ ಗುಟ್ಟು ಕಡೂರಿಗೆ ಹೋಗಿದೆ, ಕೊಟ್ಟವನು ನಾನೇ ಎಂದ.

“ಗೊತ್ತು,” ಎಂದ ಹೊನ್ನೇಶ. “ಕೋಮಲಾ ಫೋನ್ ಮಾಡಿದ್ಲು. ಅವರಣ್ಣ ಎರಡು ದಿನದಿಂದ ಬರೀ ಎಡಗಡೆ, ನೆಲಕ್ಕೇ ಹೊಡೀತಾನಂತೆ. ಇವತ್ತು ಮಂಡಿ ಅಂಗಳದಾಗೆ ನನಗೂ ಅದೇ ಪ್ರ್ಯಾಕ್ಟೀಸು.”

ಆ ದಿನ ಸಂಜೆಯವರೆಗೆ ಹುಡುಗರು ಸರದಿಯ ಮೇಲೆ ಎಡಗಡೆಗೆ ಹೊಡೆದರು, ಹೊನ್ನೇಶ ಕಾಲು ಹಾಕಿದ. ರವೆಯಷ್ಟು ತಡ ಎನ್ನುವುದು ಹಿಟ್ಟಿನ ಕಣದಷ್ಟಾಯಿತು. ಹುಡುಗರ ಮುಖದಲ್ಲಿ, ಈರುಳ್ಳಿ ಮೂಟೆಗಳ ಮೇಲೆ ಕೂತು ನೋಡುತ್ತಿದ್ದ ಹಮಾಲರ ಮುಖದಲ್ಲಿ ಕೂಡ, ಇದುವರೆಗೆ ಕಾಣದ ಒಂದು ಬೆಳಕಿತ್ತು. ಬೆನಕಪ್ಪನಿಗೆ ನೆಮ್ಮದಿಯಾಗಲಿಲ್ಲ. ಎಡಕ್ಕೆ ಹೊಡೆಯುತ್ತೇನೆಂದು ತಂಗಿಯ ಬಾಯಲ್ಲಿ ಹೇಳಿಸಿ ಮಹೇಂದ್ರ ಬಲಕ್ಕೆ ಹೊಡೆದರೆ?

“ಹುಡುಗಿ ನಂಬಿಕಸ್ಥೆನಾ ಅಂತ ನೀನು ವಿಚಾರಿಸಿದ್ಯೇನೋ?” ಎಂದು ಕೇಳಿಯೇಬಿಟ್ಟ.

“ಯಾರನ್ನ ವಿಚಾರಿಸ್ಲಿ ಬೆನಕಣ್ಣ, ನಿಮ್ಮನ್ನಾ?”

ಭಾನುವಾರ ನಾಲ್ಕೂವರೆಗೆ ಕಡೂರಿನ ಮೈದಾನ ತುಂಬಿತ್ತು. ಅಜ್ಜಂಪುರದಿಂದ ಎರಡು ಟೆಂಪೊ ಜನ ಬಂದಿದ್ದರು, ಕಡೂರಿನ ಇಡೀ ಊರಿನ ಮುಂದೆ ಒಂದು ಹಿಡಿ. ಆ ಬದಿಯ ಜನದ ನಡುವೆ ಕೋಮಲಾ ಕೂತಿದ್ದಳು. ಅವಳು ಯಾರ ಕಡೆಗೆ ಕೈ ಬೀಸಿದಳು ಎಂದು ಬೆನಕಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಅಣ್ಣ ಮತ್ತು ಹೊನ್ನೇಶ ಒಂದೇ ಗೆರೆಯಲ್ಲಿ ನಿಂತಿದ್ದರಿಂದ ಗೊತ್ತಾಗಲಿಲ್ಲ.

ಅವನು ಗೋಲಿನ ಹಿಂದೆ ಎಡಗಡೆಗೆ ಹೋಗಿ ನಿಂತ. ಯೋಚಿಸಿ ಬಲಗಡೆಗೆ ಬಂದ. ಮಹೇಂದ್ರ ಬಲಗಡೆ ನೋಡಿದ್ದು ಕಂಡು ಮತ್ತೆ ಎಡಗಡೆಗೆ ಹೊರಟ. ಅಂಪೈರ್ ಸೀಟಿಯನ್ನು ಬಾಯಿಗಿಟ್ಟುಕೊಂಡಾಗ ಅವನು ಸರಿಯಾಗಿ ನಡುವೆ ಇದ್ದ.

ಹೊನ್ನೇಶ ಹೆಲ್ಮೆಟ್ಟಿನೊಳಗಿಂದ ಹಿಂದಿರುಗಿ ನೋಡಿದ.

“ಎಲ್ಲಾದ್ರೂ ಒಂದು ಕಡೆ ನಿಂತ್ಕಳಿ ಬೆನಕಣ್ಣ,” ಎಂದ. “ಐದು ಗಂಟೆ ಆಗ್ತಾ ಬಂತು. ಮೊದ್ಲೇ ನಂಗೆ ಕಣ್ಣು ಕಾಣಲ್ಲ.”