ಒಂದು ಕಣ್ಣು ತೆರೆದ ಡ್ರ್ಯಾಗನ್

ಸೆಂಡಾಯ್ ನಗರದ ಆ ಪ್ರಾಥಮಿಕ ಶಾಲೆಯಲ್ಲಿ ಶೆನ್ ಯುಲಾನ್ ಅವರಿಗೆ ಕೈ ತೋರಿಸದೆ ಅಡುಗೆಮನೆಯ ಹೊಸ್ತಿಲು ದಾಟಿದವರಿಲ್ಲ. ಮೊದಲು ಅಂಗೈ, ಆಮೇಲೆ ಹಿಂಗೈ, ಕೊನೆಗೆ ಉಗುರು. ಮೂರನ್ನೂ ನೋಡಿ ಅವರು ತಲೆಯಾಡಿಸಿದ ಮೇಲೆಯೇ ಒಳಗೆ ಹೆಜ್ಜೆ. ಸೋಂಕು ಹರಡಿ ಲೋಕವೆಲ್ಲ ಕೈ ತೊಳೆಯುವುದನ್ನು ಹೊಸದಾಗಿ ಕಲಿಯುತ್ತಿದ್ದಾಗ ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇಪ್ಪತ್ತೆರಡು ವರ್ಷ ಮುನ್ನೂರು ಮಕ್ಕಳ ಮಧ್ಯಾಹ್ನದ ಊಟ ಬೇಯಿಸಿದ ಕೈ ಅದು.

ಮೈತ್ರೇಯಿಗೆ ಅವರ ಪರಿಚಯವಾದದ್ದೂ ಹೀಗೆಯೇ. ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾದ ಗಂಡನೊಂದಿಗೆ ಅವಳು ಮೈಸೂರಿನಿಂದ ಬಂದು ಆರು ವರ್ಷವಾಗಿತ್ತು. ಮಗಳು ಸ್ಫೂರ್ತಿ ಅದೇ ಶಾಲೆಯಲ್ಲಿ ಆರನೆಯ ತರಗತಿ. ಸೋಂಕಿನ ಮೊದಲ ಬೇಸಿಗೆಯಲ್ಲಿ ತಾನು ಹೊಲಿದ ಮಾಸ್ಕುಗಳನ್ನು ಅಡುಗೆಯವರಿಗೆ ಕೊಡಲು ಹೋದಾಗ ಶೆನ್ ಅವರು ಮೊದಲು ಅವಳ ಉಗುರುಗಳನ್ನು ನೋಡಿದರು. ಬಳಿಕ ಒಂದು ಮಾಸ್ಕನ್ನು ತಿರುವಿ ಒಳಮಗ್ಗುಲನ್ನು ನೋಡಿದರು. ‘ಒಳಗೂ ನೇರವಾಗಿದೆ’ ಎಂದರು. ಹೊಗಳಿಕೆಯೆಂದರೆ ಅವರಲ್ಲಿ ಅಷ್ಟೇ ಎಂದು ಮೈತ್ರೇಯಿಗೆ ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ.

ಶೆನ್ ಅವರು ಚೀನಾದ ಒಂದು ನದೀತೀರದ ಹಳ್ಳಿಯವರು. ಮೂವತ್ತರ ಹೊಸ್ತಿಲಲ್ಲಿ, ಇಲ್ಲಿಯ ಭತ್ತದ ರೈತನೊಬ್ಬನ ಕೈಹಿಡಿದು, ಕಡಲು ದಾಟಿ, ಭಾಷೆ ಬಾರದ ಈ ದೇಶಕ್ಕೆ ಬಂದು ಇಳಿದವರು. ಗಂಡ ತೀರಿಕೊಂಡ ಮೇಲೆ ಶಾಲೆಯ ಅಡುಗೆಮನೆಯೇ ಮನೆಯಾಯಿತು. ಪ್ರತಿ ಚಳಿಗಾಲ, ಚೀನೀಯರ ಹೊಸ ವರ್ಷ ಬಂದಾಗ, ಆರನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಹಿಟ್ಟಿನ ಹಾಳೆಯಲ್ಲಿ ಹೂರಣ ಮಡಿಸುವುದನ್ನು ಕಲಿಸುತ್ತಿದ್ದರು. ಹಬ್ಬದ ಕತೆ ಹೇಳುತ್ತಿದ್ದರು. ಒಂದು ಹಾಡು ಹೇಳಿಕೊಡುತ್ತಿದ್ದರು.

ಸೋಂಕಿನ ಎರಡನೆಯ ಚಳಿಗಾಲದಲ್ಲಿ ಹಾಡುವಂತಿರಲಿಲ್ಲ, ಒಂದೇ ತಟ್ಟೆಗೆ ಕೈ ಹಾಕುವಂತಿರಲಿಲ್ಲ. ಮಕ್ಕಳು ಒಬ್ಬರ ಬೆನ್ನನ್ನೊಬ್ಬರು ನೋಡುತ್ತ ಮಾತಿಲ್ಲದೆ ಉಣ್ಣುತ್ತಿದ್ದರು. ಆರನೆಯ ತರಗತಿಯ ಪ್ರವಾಸ, ಆಟೋಟ, ಗಾಯನ ಒಂದೊಂದಾಗಿ ರದ್ದಾಗಿದ್ದವು. ಮಾರ್ಚಿನಲ್ಲಿ ಆ ಮಕ್ಕಳು ಶಾಲೆ ಬಿಡುವವರು. ಶೆನ್ ಅವರ ಕೆಲಸದ ಅವಧಿಯೂ ಮುಗಿಯುವುದಿತ್ತು. ಆ ಮಕ್ಕಳಿಗಾಗಿ ಶೆನ್ ಅವರು ಕೋರಿದ ಒಂದು ಹಬ್ಬಕ್ಕೆ ಮುಖ್ಯೋಪಾಧ್ಯಾಯರಾದ ಕಿಕುಚಿ ಅವರು ಒಪ್ಪಿದರಾದರೂ ಷರತ್ತು ಹಾಕಿದರು: ಮಗುವಿನಿಂದ ಮಗುವಿಗೆ ಎರಡು ಮೀಟರ್ ಅಂತರ, ಬಾಯಿಂದ ಸದ್ದು ಬರಕೂಡದು.

ಶೆನ್ ಅವರು ಒಂದು ದಿನವಿಡೀ ಯೋಚಿಸಿ ಹೇಳಿದ್ದು ಒಂದೇ ಮಾತು. ಡ್ರ್ಯಾಗನ್.

ಒಂಬತ್ತು ಬಿದಿರು ಕೋಲು, ಅವುಗಳ ಮೇಲೆ ಉದ್ದಕ್ಕೆ ಒಂದು ಬಟ್ಟೆಯ ಮೈ. ಹಿಡಿದವರು ಹತ್ತಿರ ಬಂದರೆ ಮೈ ಜೋತುಬೀಳುತ್ತದೆ, ದೂರ ಸರಿದರೆ ಹರಿಯುತ್ತದೆ. ಯಾರೂ ಯಾರನ್ನೂ ಮುಟ್ಟದೆ ಒಂಬತ್ತು ಜನ ಒಂದೇ ಜೀವವಾಗುವ ಕುಣಿತ. ಕಿಕುಚಿ ಅವರು ಅಳತೆಪಟ್ಟಿ ತರಿಸಿ ಅಳೆದು, ನಿಟ್ಟುಸಿರಿಟ್ಟು, ಆಗಲಿ ಎಂದರು.

ಮೈ ಹೊಲಿಯುವ ಕೆಲಸ ಮೈತ್ರೇಯಿಗೆ ಬಂತು. ನಾಟಕವಿಲ್ಲದೆ ಮಡಿಸಿಟ್ಟಿದ್ದ ವೇದಿಕೆಯ ಕೆಂಪು ಪರದೆಯನ್ನು ಶಾಲೆ ಕೊಟ್ಟಿತು. ಹುರುಪೆಗಳಿಗೆ ಮಕ್ಕಳು ತಾವು ಕುಡಿದ ಹಾಲಿನ ಪೊಟ್ಟಣಗಳನ್ನು ತೊಳೆದು, ಬಿಡಿಸಿ, ಒಣಗಿಸಿ, ಹೊಂಬಣ್ಣ ಬಳಿದರು. ವ್ಯಾಯಾಮಶಾಲೆಯ ಎತ್ತರದ ಕಿಟಕಿಗಳಿಂದ ಹಿಮದ ಬೆಳಕು ಇಳಿಯುತ್ತಿತ್ತು. ಆ ಬೆಳಕಿನಲ್ಲಿ ಹೊಲಿಯುತ್ತ ಕುಳಿತರೆ ಮೈತ್ರೇಯಿಗೆ ತಾನು ನೀರಿನಡಿ ಕುಳಿತಂತೆ, ಮಡಿಲಲ್ಲಿ ಮಲಗಿರುವ ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರಾಡಿದಂತೆ ತೋರುತ್ತಿತ್ತು. ಪಕ್ಕದಲ್ಲಿ ಶೆನ್ ಅವರು ಬಿದಿರು ಸೀಳಿ, ಕಾಗದ ಅಂಟಿಸಿ ತಲೆಯನ್ನು ಕಟ್ಟುತ್ತಿದ್ದರು.

ಅಂಥದೊಂದು ಮಧ್ಯಾಹ್ನ ಅವರು ಹೇಳಿದರು: ತಮ್ಮ ಹಳ್ಳಿಯಲ್ಲಿ ಹೆಂಗಸರು ಡ್ರ್ಯಾಗನ್ನನ್ನು ಮುಟ್ಟುವಂತಿರಲಿಲ್ಲ. ತಂದೆ ಅದರ ಬಾಲ ಹಿಡಿಯುವವರು. ಆಕೆ ಬಾಗಿಲಲ್ಲಿ ನಿಂತು, ಅದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದರಂತೆ. ಬದುಕಿನಲ್ಲಿ ಒಮ್ಮೆ, ವಿಧಿ ಒಂದೂ ತಪ್ಪದಂತೆ, ತನ್ನಿಂದ ಒಂದು ಡ್ರ್ಯಾಗನ್ ಎದ್ದು ಓಡಬೇಕು. ಬೇರೆ ಆಸೆಯಿಲ್ಲ.

ಈಗ ಮುಟ್ಟುತ್ತಿದ್ದೀರಲ್ಲ ಎಂದು ಮೈತ್ರೇಯಿ ಕೇಳಿದಳು.

"ಕಣ್ಣು ಬರೆಯೋವರೆಗೂ ಇದು ಬರೀ ಬಿದಿರು, ಕಾಗದ. ಆಮೇಲೆ ನಾನು ಮುಟ್ಟೋದಿಲ್ಲ."

ಹಾಗಾದರೆ ತಲೆಯ ಕೋಲನ್ನು ಸ್ಫೂರ್ತಿಗೆ ಕೊಟ್ಟದ್ದೇಕೆ? ಅವಳೂ ಹೆಣ್ಣಲ್ಲವೆ?

"ನನ್ನ ಭಯ ನನಗಿರಲಿ. ಮಕ್ಕಳಿಗೆ ಅದನ್ನ ಯಾಕೆ ಕಲಿಸಲಿ?"

ಮೈತ್ರೇಯಿ ಸೂಜಿಗೆ ಹೊಸ ದಾರ ಪೋಣಿಸಿದಳು. ಊರಲ್ಲಿ ಶಿಲ್ಪಿಗಳು ವಿಗ್ರಹದ ಕಣ್ಣನ್ನು ಕಟ್ಟಕಡೆಗೆ ತೆರೆಯುವುದನ್ನು ಅವಳೂ ಕಂಡವಳು.

ಚೀನೀಯರ ಹೊಸ ವರ್ಷದ ಹದಿನೈದು ದಿನದ ಹಬ್ಬದ ಕೊನೆಯ ದಿನ, ಹುಣ್ಣಿಮೆಗೆ ಒಂದು ದಿನವಿರುವಾಗ, ಸಂಜೆ ನಾಲ್ಕಕ್ಕೆ ಶಾಲೆಯ ಮಕ್ಕಳೆಲ್ಲ ಮೈದಾನದಲ್ಲಿ ಅಂತರ ಬಿಟ್ಟು ನಿಂತರು. ಹಿಮ ಕರಗಿ ಮಣ್ಣು ಮಿದುವಾಗಿತ್ತು. ಕಣ್ಣು ಬರೆಯಲು ಹಿರಿಯರೆಂದು ಕಿಕುಚಿ ಅವರನ್ನೇ ಕರೆದಿದ್ದರು. ಅವರು ಕುಂಚವನ್ನು ಕೆಂಪಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಎಡಗಣ್ಣಿಗೆ ಬೊಟ್ಟಿಟ್ಟರು. ಕುಂಚ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಸೊಂಟ ಬಗ್ಗಿಸಿ ನಮಿಸಿದರು. ಮಕ್ಕಳೂ ನಮಿಸಿದರು.

ಶೆನ್ ಅವರ ಮುಖ ಬಿಳಿಚಿತು. ಬಲಗಣ್ಣು ಖಾಲಿಯಾಗಿತ್ತು.

ಮೈತ್ರೇಯಿ ಮಗಳ ಬಳಿ ಸರಿದು, ಇನ್ನೊಂದು ಕಣ್ಣು ಮರೆತರೇನೇ ಎಂದು ಪಿಸುಗುಟ್ಟಿದಳು.

"ಮರೆತಿಲ್ಲ ಅಮ್ಮ. ಕಿಕುಚಿ ಸೆನ್ಸೇಯ್ ಗುನ್ಮಾ ಕಡೆಯವರು. ಅಲ್ಲಿ ದರುಮಾ ಗೊಂಬೆಗೆ ಹೀಗೇ. ವಿಶ್ ಮಾಡ್ಕೊಂಡು ಫಸ್ಟ್ ಒಂದ್ ಕಣ್ಣು. ವಿಶ್ ನಿಜ ಆದ್ಮೇಲೆ ಇನ್ನೊಂದು."

ಮೈತ್ರೇಯಿ ಅದನ್ನು ಶೆನ್ ಅವರ ಕಿವಿಗೆ ಮುಟ್ಟಿಸಿದಳು. ಕುರುಡುಗಣ್ಣಿನ ಡ್ರ್ಯಾಗನ್ ಹೊರಡುವಂತಿಲ್ಲ. ಅದಕ್ಕೆ ದಾರಿ ಕಾಣದು ಎಂದರು ಶೆನ್. ಹಾಗೆಂದು ಮಕ್ಕಳ ಮುಂದೆ ಮುಖ್ಯೋಪಾಧ್ಯಾಯರನ್ನು ತಿದ್ದುವುದೂ ಅವರಿಂದಾಗದು. ಕೋಲು ಹಿಡಿದ ಒಂಬತ್ತು ಮಕ್ಕಳು ಅವರ ಕೈಸನ್ನೆಗೆ ಕಾಯುತ್ತಿದ್ದರು. ಇನ್ನರ್ಧ ಗಂಟೆಯಲ್ಲಿ ಮಕ್ಕಳೆಲ್ಲ ಮನೆಗೆ ಹೊರಡಬೇಕು. ಈಗಿಲ್ಲವೆಂದರೆ ಮತ್ತೆ ಎಂದಿಗೂ ಇಲ್ಲ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು, ಮೊದಲು ಅಂಗೈ, ಆಮೇಲೆ ಹಿಂಗೈ. ನಡೆದುಬಂದು ಡ್ರ್ಯಾಗನ್ನಿನ ಬಲಕ್ಕೆ ನಿಂತು, ಕಾಗದದ ಕೆನ್ನೆಗೆ ಅಂಗೈ ಆನಿಸಿದರು.

"ಈ ಪಕ್ಕ ಇನ್ನೂ ಬಿದಿರೇ," ಎಂದರು, ಯಾರಿಗೆಂದಲ್ಲದೆ. "ನಡಿ, ನಿಧಾನ."

ಮೈದಾನದಂಚಿನಲ್ಲಿ ಇಟ್ಟಿದ್ದ ಡೋಲಿನ ಸದ್ದು ಮೆಲ್ಲಗೆ ಎದ್ದಿತು. ಕೆಂಪು ಮೈ ಅಲೆಯಲೆಯಾಗಿ ಕದಲಿತು. ಕಾಣದ ಪಕ್ಕಕ್ಕೆ ತಾವೇ ಕಣ್ಣಾಗಿ ಶೆನ್ ಅವರು ಹೆಜ್ಜೆಗೆ ಹೆಜ್ಜೆ ಇಟ್ಟರು. ಕೊಚ್ಚೆ ಬಂದಲ್ಲಿ ಕೆನ್ನೆಯನ್ನು ತುಸು ನೂಕುವರು, ತಿರುವಿನಲ್ಲಿ ತುಸು ಸೆಳೆಯುವರು. ಮುನ್ನೂರು ಮಕ್ಕಳು ಉಸಿರೆತ್ತಲಿಲ್ಲ. ಹಾಲಿನ ಪೊಟ್ಟಣದ ಹುರುಪೆಗಳು ಒಂದಕ್ಕೊಂದು ತಾಗುವ ಸಪ್ಪಳ ಒಣ ಎಲೆಗಳಂತೆ ಕೇಳುತ್ತಿತ್ತು. ಪೂರ್ವದ ಮನೆಗಳ ಮೇಲೆ ಚಂದ್ರ ಮಸುಕಾಗಿ ಎದ್ದಿದ್ದ. ಮೈತ್ರೇಯಿಗೆ ಆ ಹೊತ್ತಿನಲ್ಲಿ ನಗರವಾಗಲಿ ರೋಗವಾಗಲಿ ನೆನಪಿರಲಿಲ್ಲ. ಬಾಗಿಲಲ್ಲಿ ನಿಂತ ಒಬ್ಬ ಹುಡುಗಿ ಹೊಸ್ತಿಲಿನಿಂದ ಇಳಿದು, ಬೀದಿಯ ತಿರುವನ್ನೂ ದಾಟಿ, ಮುಂದೆ ಮುಂದೆ ಹೋಗುತ್ತಿರುವುದು ಮಾತ್ರ ಕಾಣುತ್ತಿತ್ತು.

ಒಂದು ಸುತ್ತು ಮುಗಿಯಿತು. ಕಿಕುಚಿ ಅವರು ಎರಡೂ ಕೈಗಳಲ್ಲಿ ಕುಂಚ ಹಿಡಿದು ಬಂದರು. ಆರನೆಯ ತರಗತಿಗೆ ಒಂದಾದರೂ ಹಬ್ಬ ಸಿಗಲಿ ಎಂದು ಕೋರಿದ್ದಿರಿ, ಸಿಕ್ಕಿತು ಎಂದರು.

"ಕೋರಿಕೆ ಯಾರದೋ ಅವರೇ ಎರಡನೇ ಕಣ್ಣು ಬರೀಬೇಕು. ಅದು ನಿಮ್ಮದು, ಶೆನ್-ಸಾನ್."

ಶೆನ್ ಅವರು ತಮ್ಮ ಹಳ್ಳಿಯ ಕಟ್ಟಳೆಯನ್ನು ಹೇಳತೊಡಗಿದರು. ಆ ಮಾತು ಮಾಸ್ಕಿನೊಳಗೇ ಉಳಿಯಿತು. ಅಷ್ಟರಲ್ಲಿ ಸ್ಫೂರ್ತಿ ಮಂಡಿಯೂರಿ ಡ್ರ್ಯಾಗನ್ನಿನ ತಲೆಯನ್ನು ಅವರ ಎದೆಯ ಮಟ್ಟಕ್ಕೆ ತಂದಿದ್ದಳು. ಅವರು ಕುಂಚ ತೆಗೆದುಕೊಂಡರು. ಬೊಟ್ಟು ಅಳತೆಗಿಂತ ದೊಡ್ಡದಾಯಿತು. ಬಣ್ಣದ ಒಂದು ಹನಿ ಕೆನ್ನೆಗೆ ಇಳಿಯಿತು. ಅದನ್ನು ಹೆಬ್ಬೆರಳಿನಲ್ಲಿ ತಡೆದು, ಹಿಂದೆ ಸರಿದು, ಕೈ ಎತ್ತಿ ಸನ್ನೆ ಮಾಡಿದರು.

ಈ ಬಾರಿ ಡ್ರ್ಯಾಗನ್ ಓಡಿತು.

ಎಲ್ಲ ಮುಗಿದು ಮಕ್ಕಳು ಶಾಲೆಯ ಬಾಗಿಲಲ್ಲಿ ಸಾಲಾಗಿ ನಿಂತರು. ಅಲ್ಲಿಟ್ಟ ಸ್ಯಾನಿಟೈಸರ್ ಬಾಟಲಿಯನ್ನು ಒಬ್ಬೊಬ್ಬರಾಗಿ ಒತ್ತಿ ಕೈ ಉಜ್ಜಿಕೊಂಡು ಒಳಹೋದರು. ಮೈತ್ರೇಯಿಯೂ ಉಜ್ಜಿಕೊಂಡಳು. ಅವಳ ಹಿಂದೆ ಶೆನ್ ಅವರು ಬಂದರು. ಹೆಬ್ಬೆರಳ ಕೆಂಪು ಇನ್ನೂ ಹಸಿಯಾಗಿತ್ತು. ಬಾಟಲಿಯ ಮುಂದೆ ಅವರು ಒಂದು ಕ್ಷಣ ನಿಂತರು. ಆಮೇಲೆ ಆ ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಒತ್ತದೆ, ಒಳಗೆ ನಡೆದರು.